ವಿಂಡೋಸ್ 11 ಬಂದ ಮೇಲೆ ಕಚೇರಿಯ ತಂತ್ರಾಂಶ ಮುನಿಸಿಕೊಂಡರೆ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸಹಕಾರ ಸಂಘ, ಶಾಲೆಯ ಕಚೇರಿ, ಲೆಕ್ಕಪರಿಶೋಧಕರ ಕೊಠಡಿ, ಮುದ್ರಣಾಲಯ, ಎಲ್ಲಿ ಹೋದರೂ ಈಗ ಒಂದೇ ದೂರು: "ಹನ್ನೊಂದು ಹಾಕಿಸಿದೆವು, ನಮ್ಮ ಸಾಫ್ಟ್‌ವೇರ್ ಹಾಳಾಯಿತು." ನಾನು ನೋಡಿದ ಮಟ್ಟಿಗೆ ಸಾಫ್ಟ್‌ವೇರ್ ನಿನ್ನೆ ಇದ್ದ ಹಾಗೆಯೇ ಇರುತ್ತದೆ. ಅದು ವರ್ಷಗಟ್ಟಲೆ ಯಾವುದೋ ಗೋಡೆಗೆ ಒರಗಿ ನಿಂತಿತ್ತು: ಪಾಸ್‌ವರ್ಡ್ ಇಲ್ಲದ ಹಂಚಿಕೆ ಫೋಲ್ಡರ್, 32 ಬಿಟ್‌ನ (ಹಳೆಯ ಬಗೆಯ) ಡ್ರೈವರ್, ಅಂದರೆ ಪ್ರಿಂಟರಿನಂಥ ಸಾಧನವನ್ನು ನಡೆಸುವ ತಂತ್ರಾಂಶ, ಯಾರೋ ಹಿಂದೆ ಹಾಕಿಹೋದ ಫಾಂಟ್. ಗೋಡೆ ಸರಿಯಿತು, ಒರಗಿದ್ದದ್ದು ಬಿತ್ತು. ಸರಿದದ್ದು ಯಾವ ಗೋಡೆ ಎಂಬುದನ್ನು ಲಕ್ಷಣವೇ ಹೇಳುತ್ತದೆ, ಕೇಳಿಸಿಕೊಳ್ಳುವ ತಾಳ್ಮೆ ಬೇಕು.

ಆ ತಾಳ್ಮೆಯನ್ನು ಕೆಡಿಸುವ ಒಂದು ಚಾಳಿ ಎಲ್ಲ ಕಚೇರಿಗಳಲ್ಲೂ ಇದೆ. ಏನಾದರೂ ಓಡಲಿಲ್ಲವೆಂದರೆ ಐಕಾನಿನ ಮೇಲೆ ಬಲ ಕ್ಲಿಕ್ ಮಾಡಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಎಂಬುದಕ್ಕೆ ಶಾಶ್ವತವಾಗಿ ಟಿಕ್ ಹಾಕಿಬಿಡುವುದು. ತಲೆನೋವಿಗೂ ಹೊಟ್ಟೆನೋವಿಗೂ ಅದೇ ಗುಳಿಗೆ. ಈ ಒಂದು ಟಿಕ್ ಎಷ್ಟು ಹೊಸ ರೋಗಗಳನ್ನು ಹುಟ್ಟಿಸುತ್ತದೆ ಎಂಬುದು ಮುಂದೆ ಮತ್ತೆ ಮತ್ತೆ ಬರುತ್ತದೆ. ಸದ್ಯಕ್ಕೆ, ಯಾವ ಐಕಾನಿಗೆ ಅದನ್ನು ಹಾಕಿದ್ದೀರಿ ಎಂದು ಒಂದು ಕಾಗದದಲ್ಲಿ ಬರೆದಿಡಿ.

ಕೈ ಹಾಕುವ ಮುನ್ನ

ದತ್ತಾಂಶವಿರುವ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡಿ. ಯಂತ್ರಕ್ಕೇ ಸಿಕ್ಕಿಸಿಟ್ಟ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಪ್‌ಗ್ರೇಡ್ ಆದ ದಿನಾಂಕವನ್ನು ಚೀಟಿಯಲ್ಲಿ ಬರೆದು ಸಿಪಿಯು ಮೇಲೆ ಅಂಟಿಸಿ. ಹಳೆಯ ವಿಂಡೋಸಿಗೆ ಮರಳುವ 'ಗೋ ಬ್ಯಾಕ್' ಸೌಲಭ್ಯ 10 ದಿನ ಮಾತ್ರ ಇರುತ್ತದೆ. ಆ 10 ದಿನದ ಒಳಗೆ ಕಮಾಂಡ್ ಪ್ರಾಂಪ್ಟಿನಲ್ಲಿ ಕೊಡುವ ಡಿಸ್ಮ್ ಆಜ್ಞೆಯಿಂದ ಈ ಗಡುವನ್ನು 60 ದಿನದವರೆಗೂ ಹಿಗ್ಗಿಸಬಹುದು. ಮೊದಲ ದಿನವೇ ಹಿಗ್ಗಿಸಿಬಿಡಿ. 'ಜಾಗ ಸಾಲದು' ಎಂದು ಯಾರೋ ಡಿಸ್ಕ್ ಕ್ಲೀನಪ್ ಓಡಿಸಿ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರನ್ನು ಅಳಿಸಿದರೆ ಹಿಂದಿರುಗುವ ದಾರಿ ಅಲ್ಲಿಗೆ ಮುಗಿಯಿತು.

ಯುಪಿಎಸ್ ಬ್ಯಾಟರಿ ಸತ್ತಿರುವ ಯಂತ್ರದಲ್ಲಿ ಅಪ್‌ಗ್ರೇಡ್ ಆಗಲಿ, ಬಯಾಸ್ (ವಿಂಡೋಸ್ ಏಳುವ ಮೊದಲೇ ಓಡುವ, ಯಂತ್ರದ ಮೂಲ ಸೆಟ್ಟಿಂಗ್) ಬದಲಾವಣೆಯಾಗಲಿ ಬೇಡ. ಮಾರ್ಚ್ ತಿಂಗಳಲ್ಲಂತೂ ಬೇಡವೇ ಬೇಡ. ವರ್ಷಾಂತ್ಯದ ಲೆಕ್ಕ ಹೊಂದಿಸುತ್ತಿರುವವರ ಕೈಯಿಂದ ಯಂತ್ರ ಕಿತ್ತುಕೊಂಡವನನ್ನು ಯಾರೂ ಕ್ಷಮಿಸುವುದಿಲ್ಲ.

ಲಕ್ಷಣ: ಅಪ್‌ಗ್ರೇಡ್ ಆಗುವುದಕ್ಕೇ ಒಪ್ಪುತ್ತಿಲ್ಲ

ಮೊದಲು ಮೈಕ್ರೋಸಾಫ್ಟಿನ 'ಪಿಸಿ ಹೆಲ್ತ್ ಚೆಕ್' ಓಡಿಸಿ. ಅದು ಟಿಪಿಎಂ 2.0 ಎಂಬ ಭದ್ರತಾ ಘಟಕ ಇಲ್ಲ ಎಂದರೆ ಗಾಬರಿ ಬೇಡ. 2018ರಿಂದೀಚಿನ ಬಹುಪಾಲು ಯಂತ್ರಗಳಲ್ಲಿ ಅದು ಇರುತ್ತದೆ, ಆದರೆ ಬಯಾಸಿನಲ್ಲಿ ಬಂದ್ ಮಾಡಿರುತ್ತಾರೆ. ಇಂಟೆಲ್ ಯಂತ್ರದಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಕಾಸು ಖರ್ಚಿಲ್ಲದೆ ಐದು ನಿಮಿಷದಲ್ಲಿ ಮುಗಿಯುವ ರಿಪೇರಿ.

ಎಚ್ಚರಿಕೆ: ಬಯಾಸ್ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ. ಇದ್ದರೆ ಅದರ 48 ಅಂಕಿಯ ಮರುಪ್ರಾಪ್ತಿ ಕೀಲಿಯನ್ನು ಮುದ್ರಿಸಿಟ್ಟುಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಿ. ಕೀಲಿ ಇಲ್ಲದೆ ಟಿಪಿಎಂ ಬದಲಾಯಿಸಿ ಡಿಸ್ಕ್ ಬೀಗ ಬಿದ್ದುಕೊಂಡರೆ ಮೈಕ್ರೋಸಾಫ್ಟಿಗೂ ಅದನ್ನು ತೆರೆಯಲಾಗದು.

ಇಂಟೆಲ್ ಪ್ರೊಸೆಸರ್ 8ನೇ ತಲೆಮಾರಿಗಿಂತ ಹಳೆಯದಾಗಿದ್ದರೆ ಆ ಯಂತ್ರ ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ ಅಧಿಕೃತ ಪಟ್ಟಿಯಲ್ಲಿಲ್ಲ. ತಪಾಸಣೆಯನ್ನು ಮರೆಮಾಚಿ ಬಲವಂತವಾಗಿ ಹಾಕುವ ಉಪಾಯಗಳನ್ನು ಯೂಟ್ಯೂಬಿನಲ್ಲಿ ಹೇಳಿಕೊಡುತ್ತಾರೆ. ಮನೆಯ ಯಂತ್ರಕ್ಕೆ ನಿಮ್ಮಿಷ್ಟ. ಆದರೆ ಅಂಥ ಯಂತ್ರಗಳಿಗೆ ಮುಂದಿನ ತಿದ್ದುಪಡಿಗಳು ಬರುವ ಖಾತರಿಯಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ, ಸಾರ್ವಜನಿಕರ ಹಣದ ಲೆಕ್ಕವಿಡುವ ಕಚೇರಿಗೆ ಅದು ಸಲ್ಲದು. ಹೊಸ ಯಂತ್ರ ಕೊಳ್ಳುವ ತನಕ ವಿಂಡೋಸ್ 10ಕ್ಕೆ ಹಣ ಕೊಟ್ಟು ವಿಸ್ತೃತ ಭದ್ರತಾ ತಿದ್ದುಪಡಿ ಪಡೆಯಬಹುದು. ಸಂಸ್ಥೆಗಳಿಗೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ಆಮೇಲೆ ಪ್ರತಿ ವರ್ಷ ಇಮ್ಮಡಿ, ಗರಿಷ್ಠ ಮೂರು ವರ್ಷ. ಎರಡನೇ ವರ್ಷದ ದರ ಕೇಳುವಷ್ಟರಲ್ಲಿ ಹೊಸ ಯಂತ್ರವೇ ಅಗ್ಗ ಅನ್ನಿಸತೊಡಗುತ್ತದೆ.

ಈಗಿರುವುದು 32 ಬಿಟ್‌ನ ವಿಂಡೋಸ್ 10 ಆಗಿದ್ದರೆ ನೇರ ಅಪ್‌ಗ್ರೇಡ್ ಇಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಡಿಸ್ಕ್ ಖಾಲಿ ಮಾಡಿ ಹೊಸದಾಗಿ ಹಾಕಬೇಕು. ಹಾಗೆ ಮಾಡುವ ಮೊದಲು ಟ್ಯಾಲಿಯಂಥ ತಂತ್ರಾಂಶಗಳ ಪರವಾನಗಿಯನ್ನು 'ಸರೆಂಡರ್' ಮಾಡಲು ಮರೆಯಬೇಡಿ. ಪರವಾನಗಿ ಹಳೆಯ ವಿಂಡೋಸಿನ ಜೊತೆ ಮಣ್ಣುಪಾಲಾದರೆ ಮರಳಿ ಪಡೆಯಲು ಅಲೆದಾಟ ಶುರುವಾಗುತ್ತದೆ.

ಯಂತ್ರ ಚೆನ್ನಾಗಿದೆ, ಆದರೂ ಅರ್ಧದಲ್ಲಿ ನಿಂತು ದೋಷ ಸಂಖ್ಯೆ ತೋರಿಸುತ್ತಿದೆ ಎಂದಾದರೆ ಆ ಸಂಖ್ಯೆಯನ್ನು ನೋಡಿ. 80070070 ಎಂದರೆ ಡಿಸ್ಕಿನಲ್ಲಿ ಜಾಗವಿಲ್ಲ. ಸಿ1900208 ಎಂದರೆ ಹೊಂದದ ತಂತ್ರಾಂಶವೊಂದು ದಾರಿಗೆ ಅಡ್ಡ ನಿಂತಿದೆ. ನನ್ನ ಅನುಭವದಲ್ಲಿ ಅದು ಅವಧಿ ಮುಗಿದ ಆ್ಯಂಟಿವೈರಸ್ ಇಲ್ಲವೇ ಯಾರೂ ಬಳಸದ ಹಳೆಯ ವಿಪಿಎನ್. ಸಿ1900101 ಎಂದು ಶುರುವಾದರೆ ಡ್ರೈವರ್ ಮೇಲೆ ಅನುಮಾನ. ಹೊರಗಿನ ಸಾಧನಗಳನ್ನೆಲ್ಲ ಬಿಚ್ಚಿ, ಕೀಲಿಮಣೆ ಮತ್ತು ಮೌಸ್ ಮಾತ್ರ ಉಳಿಸಿ ಮತ್ತೆ ಪ್ರಯತ್ನಿಸಿ. ಹತ್ತಾರು ಯಂತ್ರಗಳಿದ್ದರೆ, ಸೆಟಪ್ ಕಡತವನ್ನು 'ಸ್ಕ್ಯಾನ್ ಓನ್ಲಿ' ಆಯ್ಕೆಯೊಂದಿಗೆ ಓಡಿಸಿದಾಗ ಏನನ್ನೂ ಬದಲಾಯಿಸದೆ ಹೊಂದಾಣಿಕೆಯನ್ನಷ್ಟೇ ಪರೀಕ್ಷಿಸುತ್ತದೆ. ಎಲ್ಲ ಸರಿಯಿದ್ದರೆ ಉತ್ತರವಾಗಿ ಬರುವುದು ಸಿ1900210 ಎಂಬ ಸಂಖ್ಯೆ. ಶುಭ ಸಮಾಚಾರಕ್ಕೂ ದೋಷ ಸಂಖ್ಯೆಯ ವೇಷ ಹಾಕಿ ಕಳಿಸಿದವರ ಹಾಸ್ಯಪ್ರಜ್ಞೆ ದೊಡ್ಡದು.

ಲಕ್ಷಣ: ತಂತ್ರಾಂಶ ತೆರೆಯುವುದೇ ಇಲ್ಲ

ಏನು ಸಂದೇಶ ಬಂತು ಎಂದು ಕೇಳಿದರೆ "ಏನೋ ಇಂಗ್ಲಿಷಿನಲ್ಲಿ ಬಂತು, ಓಕೆ ಒತ್ತಿದೆ" ಎನ್ನುತ್ತಾರೆ. ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಅರ್ಧ ರೋಗನಿರ್ಣಯ ಅದರಲ್ಲೇ ಇದೆ.

'ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡದು' ಎಂಬರ್ಥದ ನೀಲಿ ಫಲಕ ಬಂದರೆ ಅದು 16 ಬಿಟ್‌ನ ಕಾರ್ಯಕ್ರಮವಾಗಿರಬಹುದು. ಡಾಸ್ ಕಾಲದ ಫಾಕ್ಸ್‌ಪ್ರೊದಲ್ಲಿ ಯಾರೋ ಬರೆದುಕೊಟ್ಟ ಪಿಗ್ಮಿ ಲೆಕ್ಕದ ತಂತ್ರಾಂಶ ಇಂದಿಗೂ ಎಷ್ಟೋ ಪತ್ತಿನ ಸಂಘಗಳಲ್ಲಿ ಜೀವಂತವಾಗಿದೆ. ಅದು 32 ಬಿಟ್ ವಿಂಡೋಸಿನಲ್ಲಿ ಓಡುತ್ತಿತ್ತು, 64 ಬಿಟ್‌ನಲ್ಲಿ ಓಡುವುದಿಲ್ಲ. ಹೊಂದಾಣಿಕೆ ಟ್ಯಾಬಿನಲ್ಲಿ 'ವಿಂಡೋಸ್ ಎಕ್ಸ್‌ಪಿ' ಎಂದು ಆರಿಸಿದರೂ ಓಡುವುದಿಲ್ಲ. ಇಲ್ಲಿ ಗಂಟೆಗಟ್ಟಲೆ ಹೆಣಗಬೇಡಿ. ವಿಂಡೋಸ್ 11 ಪ್ರೊ ಇದ್ದರೆ ಹೈಪರ್‌-ವಿ ಎಂಬ, ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ಅನುಕರಿಸುವ ಸೌಲಭ್ಯದ ಒಳಗೆ ಹಳೆಯ 32 ಬಿಟ್ ವಿಂಡೋಸನ್ನು, ಅಂತರ್ಜಾಲ ಸಂಪರ್ಕ ಕಡಿದು, ಹಳೆಯ ಲೆಕ್ಕ ನೋಡುವುದಕ್ಕಷ್ಟೇ ಇಟ್ಟುಕೊಳ್ಳಿ. ಡಾಸ್‌ಬಾಕ್ಸ್ ಎಂಬ, ಡಾಸ್ ಕಾರ್ಯಕ್ರಮಗಳನ್ನು ಓಡಿಸುವ ತಂತ್ರಾಂಶವೂ ಇದೆ, ಆದರೆ ಅದು ಮೂಲತಃ ಆಟಗಳಿಗಾಗಿ ಮಾಡಿದ್ದು. ಒಬ್ಬರೇ ಕೂತು ಹಳೆಯ ಖಾತೆ ಓದಲು ಸರಿ, ನಾಲ್ಕು ಜನ ಏಕಕಾಲಕ್ಕೆ ಹಣ ಜಮೆ ಮಾಡಲು ಅಲ್ಲ.

ಡಾಟ್ ನೆಟ್ 3.5 (ಮೈಕ್ರೋಸಾಫ್ಟಿನ ಪೂರಕ ತಂತ್ರಾಂಶ) ಬೇಕು ಎಂದು ಕೇಳಿದರೆ ಸಂತೋಷಪಡಿ, ಅತಿ ಸುಲಭದ ದೋಷ ಇದು. ಕಂಟ್ರೋಲ್ ಪ್ಯಾನೆಲಿನ 'ವಿಂಡೋಸ್ ಫೀಚರ್ಸ್' ಪಟ್ಟಿಯಲ್ಲಿ ಟಿಕ್ ಹಾಕಿದರೆ ಆಯಿತು. ಅಂತರ್ಜಾಲ ಇಲ್ಲದ ಯಂತ್ರವಾದರೆ ಅದೇ ಆವೃತ್ತಿಯ ವಿಂಡೋಸ್ ಪೆನ್‌ಡ್ರೈವ್‌ನಲ್ಲಿರುವ 'ಸೋರ್ಸಸ್' ಫೋಲ್ಡರಿನಿಂದ ಅದನ್ನು ಹಾಕಬಹುದು. 'ವಿಸಿ ರನ್‌ಟೈಮ್' ಹೆಸರಿನ ಡಿಎಲ್ಎಲ್ ಕಡತ ಕಾಣೆಯಾಗಿದೆ ಎಂದರೆ ಮೈಕ್ರೋಸಾಫ್ಟಿನ ವಿಷುವಲ್ ಸಿ ಪ್ಲಸ್ ಪ್ಲಸ್ ಪೊಟ್ಟಣವನ್ನು ಹಾಕಿ. 64 ಬಿಟ್ ವಿಂಡೋಸಿನಲ್ಲೂ 32 ಬಿಟ್‌ನ ಪೊಟ್ಟಣ ಬೇಕಾಗಬಹುದು, ಎರಡನ್ನೂ ಹಾಕಿ. ಒಂದೇ ಒಂದು ಡಿಎಲ್ಎಲ್ ಕಡತವನ್ನು ಉಚಿತವಾಗಿ ಕೊಡುತ್ತೇವೆ ಎನ್ನುವ ತಾಣಗಳಿಂದ ಅದನ್ನು ತಂದು ಹಾಕಬೇಡಿ. ಅದರ ಜೊತೆ ಬರುವ ಅತಿಥಿ ಯಾರೆಂದು ನಿಮಗೆ ತಿಳಿದಿರುವುದಿಲ್ಲ.

'ಜೆಟ್ ಓಎಲ್ಇಡಿಬಿ 4.0 ನೋಂದಣಿಯಾಗಿಲ್ಲ' ಎಂಬ ಸಂದೇಶ ಆಕ್ಸೆಸ್ ಕಡತ ಬಳಸುವ ಹಳೆಯ ತಂತ್ರಾಂಶಗಳದ್ದು. ಆ ಜೆಟ್ ಎಂಜಿನ್ 32 ಬಿಟ್‌ಗೆ ಮಾತ್ರ ಇದೆ, ಅದನ್ನು ಕರೆಯುವ ತಂತ್ರಾಂಶ 64 ಬಿಟ್ ಆಗಿ ಓಡುತ್ತಿದೆ. ತಂತ್ರಾಂಶವನ್ನು ದತ್ತಸಂಚಯಕ್ಕೆ ಜೋಡಿಸುವ ಓಡಿಬಿಸಿ ಸಂಪರ್ಕ ಕಾಣದಿದ್ದರೂ ಇದೇ ಗೊಂದಲ. ಓಡಿಬಿಸಿ ಹೊಂದಿಸುವ ಫಲಕ ಎರಡಿವೆ. 32 ಬಿಟ್‌ನದು 'ಸಿಸ್‌ವಾವ್64' ಎಂಬ ಫೋಲ್ಡರಿನಲ್ಲಿದೆ, 64 ಬಿಟ್‌ನದು 'ಸಿಸ್ಟಂ32' ಎಂಬುದರಲ್ಲಿ. ಮುದ್ರಣ ದೋಷವಲ್ಲ, ಹೆಸರುಗಳು ನಿಜವಾಗಿಯೂ ಹಾಗೆಯೇ ತಿರುಗುಮುರುಗಾಗಿವೆ.

ಸಂದೇಶವೇ ಇಲ್ಲದೆ ಕ್ಷಣಕಾಲ ಮಿಂಚಿ ಮಾಯವಾದರೆ 'ರಿಲಯಬಿಲಿಟಿ ಮಾನಿಟರ್' ತೆರೆಯಿರಿ. ದಿನವಾರು ಕೆಂಪು ಗುರುತು ಹಾಕಿ ಯಾವ ಕಡತದಲ್ಲಿ ಎಡವಿತು ಎಂದು ಬರೆದಿರುತ್ತದೆ. ಆಮೇಲೆ ಅದೇ ಯಂತ್ರದಲ್ಲಿ ಬೇರೆ ಬಳಕೆದಾರರ ಖಾತೆಯಿಂದ ತೆರೆದು ನೋಡಿ. ಅಲ್ಲಿ ತೆರೆದರೆ ದೋಷ ತಂತ್ರಾಂಶದಲ್ಲಿಲ್ಲ, ಮೊದಲ ಖಾತೆಯ ಸೆಟ್ಟಿಂಗಿನಲ್ಲಿದೆ.

ಲಕ್ಷಣ: ತೆರೆಯುತ್ತದೆ, ಆದರೆ ಹಳೆಯ ಲೆಕ್ಕ ಕಾಣುತ್ತಿಲ್ಲ

ಇದನ್ನು ಕಂಡವರ ಮುಖದ ಬಣ್ಣವೇ ಇಳಿದುಹೋಗುತ್ತದೆ. ಒಂದು ಪತ್ತಿನ ಸಂಘದಲ್ಲಿ ಅಪ್‌ಗ್ರೇಡ್ ಆದ ಮರುದಿನ ಬೆಳಿಗ್ಗೆ ಗುಮಾಸ್ತರು ಫೋನ್ ಮಾಡಿದರು: "ಸರ್, ಖಾತೆಗಳೆಲ್ಲ ಇವೆ, ಆದರೆ ಕೊನೆಯ ಜಮೆ ಒಂಬತ್ತು ವರ್ಷದ ಹಿಂದಿನದು." ನಾನು ಕೇಳಿದ ಮೊದಲ ಪ್ರಶ್ನೆ, "ಐಕಾನಿನ ಮೇಲೆ ಹಳದಿ ನೀಲಿ ಗುರಾಣಿಯ ಗುರುತು ಇದೆಯೇ?" ಇತ್ತು. ಹಿಂದಿನ ಸಂಜೆ ತಂತ್ರಾಂಶ ನಿಧಾನವಾಯಿತೆಂದು ಯಾರೋ ಅಡ್ಮಿನಿಸ್ಟ್ರೇಟರ್ ಟಿಕ್ ಹಾಕಿದ್ದರು.

ನಡೆದದ್ದು ಇಷ್ಟು. ಹಳೆಯ ತಂತ್ರಾಂಶಗಳು ತಮ್ಮ ದತ್ತಾಂಶವನ್ನು 'ಪ್ರೋಗ್ರಾಂ ಫೈಲ್ಸ್' ಒಳಗೇ ಬರೆಯುತ್ತವೆ. ವಿಸ್ಟಾ ಬಂದಂದಿನಿಂದ ಸಾಮಾನ್ಯ ಬಳಕೆದಾರರಿಗೆ ಅಲ್ಲಿ ಬರೆಯಲು ಅನುಮತಿಯಿಲ್ಲ. ತಂತ್ರಾಂಶ ಕುಸಿಯದಿರಲಿ ಎಂದು ವಿಂಡೋಸ್ ಆ ಬರಹವನ್ನು ಸದ್ದಿಲ್ಲದೆ ಬಳಕೆದಾರರ ಫೋಲ್ಡರಿನೊಳಗಿನ 'ವರ್ಚುವಲ್‌ಸ್ಟೋರ್' ಎಂಬ ಜಾಗಕ್ಕೆ ತಿರುಗಿಸುತ್ತದೆ. ಓದುವಾಗಲೂ ಅಲ್ಲಿಂದಲೇ ಕೊಡುತ್ತದೆ. ತಂತ್ರಾಂಶಕ್ಕೂ ಗೊತ್ತಿಲ್ಲ, ಗುಮಾಸ್ತರಿಗೂ ಗೊತ್ತಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದ ಕೂಡಲೇ ಈ ತಿರುವು ನಿಲ್ಲುತ್ತದೆ, ಮೊದಲ ದಿನ ಹಾಕಿದಾಗಿನ ಮೂಲ ಕಡತ ಕಣ್ಣೆದುರು ಬರುತ್ತದೆ. ಒಂಬತ್ತು ವರ್ಷದ ಲೆಕ್ಕ ಅಳಿದಿಲ್ಲ, ಪಕ್ಕದ ಕೋಣೆಯಲ್ಲಿದೆ.

ಕೂಡಲೇ ಮಾಡಬೇಕಾದದ್ದು: ಹೊಸದಾಗಿ ಒಂದೂ ನಮೂದು ಮಾಡಬೇಡಿ. ಮಾಡಿದರೆ ಎರಡು ಕಡತಗಳಲ್ಲಿ ಎರಡು ಬಗೆಯ ಲೆಕ್ಕ ಬೆಳೆಯುತ್ತದೆ, ಕೂಡಿಸುವಷ್ಟರಲ್ಲಿ ಸಾಕಾಗುತ್ತದೆ. ತಂತ್ರಾಂಶ ಮುಚ್ಚಿ, ಟಿಕ್ ತೆಗೆದು ನೋಡಿ. ಲೆಕ್ಕ ಮರಳಿದರೆ ರೋಗನಿರ್ಣಯ ಖಚಿತ. ಆಮೇಲೆ ಎರಡೂ ಕಡೆಯ ಕಡತಗಳನ್ನು ಬೇರೆ ಬೇರೆ ಫೋಲ್ಡರಿಗೆ ನಕಲಿಸಿ, ಬದಲಾದ ದಿನಾಂಕ ನೋಡಿ ಯಾವುದು ಹೊಸದು ಎಂದು ಗುರುತಿಸಿ. ಯಂತ್ರದಲ್ಲಿ ಮೂವರ ಖಾತೆ ಇದ್ದರೆ ಮೂರು ವರ್ಚುವಲ್‌ಸ್ಟೋರ್ ಇರಬಹುದು ಎಂಬುದನ್ನು ಮರೆಯಬೇಡಿ. ಶಾಶ್ವತ ಪರಿಹಾರಕ್ಕೆ, ತಯಾರಕರು ಒಪ್ಪಿದರೆ, ತಂತ್ರಾಂಶವನ್ನು 'ಪ್ರೋಗ್ರಾಂ ಫೈಲ್ಸ್'ನಿಂದ ಹೊರತಂದು ಸಿ ಡ್ರೈವಿನಲ್ಲಿ ಅದರದೇ ಫೋಲ್ಡರಿನಲ್ಲಿಟ್ಟು, ಆ ಫೋಲ್ಡರಿಗೆ ಮಾತ್ರ ಬಳಕೆದಾರರಿಗೆ ಬರೆಯುವ ಅನುಮತಿ ಕೊಡಿ.

ಡಿಸ್ಕ್ ಖಾಲಿ ಮಾಡಿ ವಿಂಡೋಸ್ 11 ಹಾಕಿದವರಿಗೆ ಇದರ ಇನ್ನೊಂದು ರೂಪ ಎದುರಾಗುತ್ತದೆ. 'ಪ್ರೋಗ್ರಾಂ ಫೈಲ್ಸ್' ಫೋಲ್ಡರನ್ನು ನಿಷ್ಠೆಯಿಂದ ಬ್ಯಾಕಪ್ ಮಾಡಿರುತ್ತಾರೆ, ವರ್ಚುವಲ್‌ಸ್ಟೋರ್ ನೆನಪಾಗಿರುವುದಿಲ್ಲ. ಆಗ ನಿಜವಾಗಿಯೂ ಲೆಕ್ಕ ಹೋಗಿರುತ್ತದೆ. ಯಂತ್ರವನ್ನು ಆರಿಸಿ, ಮತ್ತೆ ಹಚ್ಚಬೇಡಿ, ದತ್ತಾಂಶ ಮರುಪಡೆಯುವ ತಜ್ಞರಿಗೆ ಡಿಸ್ಕ್ ಕೊಡಿ. ಎಸ್‌ಎಸ್‌ಡಿಯಾದರೆ ಸಿಗುವ ಭರವಸೆ ಕಡಿಮೆ.

ಲಕ್ಷಣ: ಕನ್ನಡ ಹಾಳಾಯಿತು

ಈ ಒಂದು ಮಾತಿನಡಿ ಕಡೇಪಕ್ಷ ಐದು ಬೇರೆ ಬೇರೆ ದೋಷಗಳು ಅಡಗಿವೆ. ಪರದೆಯ ಮೇಲೆ ಏನು ಕಾಣುತ್ತಿದೆ ಎಂದು ನಿಖರವಾಗಿ ಕೇಳಿ.

ಟೋಪಿ, ಮೂಗುತಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದರೆ ಬರಹ ಕ್ಷೇಮವಾಗಿದೆ, ಫಾಂಟ್ ಇಲ್ಲ ಅಷ್ಟೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಫಾಂಟ್ ಹೋದರೆ ವೇಷ ಕಳಚುತ್ತದೆ. ಫಾಂಟ್ ಮತ್ತೆ ಹಾಕಿ, ಆದರೆ ಬಲ ಕ್ಲಿಕ್ ಮಾಡಿ 'ಎಲ್ಲ ಬಳಕೆದಾರರಿಗೆ' ಎಂಬ ಆಯ್ಕೆಯನ್ನೇ ಒತ್ತಿ. ಬರೀ 'ಇನ್‌ಸ್ಟಾಲ್' ಒತ್ತಿದರೆ ಅದು ಆ ಬಳಕೆದಾರರ ಫೋಲ್ಡರಿಗೆ ಮಾತ್ರ ಹೋಗಬಹುದು, ಹಳೆಯ ತಂತ್ರಾಂಶಗಳು ಅಲ್ಲಿ ಹುಡುಕುವುದೇ ಇಲ್ಲ. 'ವರ್ಡ್‌ನಲ್ಲಿ ಕಾಣುತ್ತದೆ, ಲೆಕ್ಕದ ತಂತ್ರಾಂಶದಲ್ಲಿ ಕಾಣುವುದಿಲ್ಲ' ಎಂಬ ಒಗಟಿನ ಉತ್ತರ ಬಹಳ ಸಲ ಇದೇ.

ಅಕ್ಷರದ ಬದಲು ಖಾಲಿ ಚೌಕಗಳಿದ್ದರೆ ಅದು ಯೂನಿಕೋಡ್ (ಎಲ್ಲ ಕಡೆ ಒಂದೇ ಆದ ಅಕ್ಷರ ಸಂಕೇತ ಕ್ರಮ) ಬರಹ, ಆರಿಸಿದ ಫಾಂಟಿನಲ್ಲಿ ಕನ್ನಡವಿಲ್ಲ. ನಿರ್ಮಲಾ ಯುಐ ಆರಿಸಿ ನೋಡಿ. ಅಕ್ಷರ ಸರಿಯಿದ್ದು ಪುಟದ ಸಾಲುಗಳೆಲ್ಲ ಜಾರಿವೆ ಎಂದರೆ ಮೂಲ ಕಡತ ತುಂಗಾ ಫಾಂಟಿನಲ್ಲಿದ್ದಿರಬಹುದು. ಎಕ್ಸ್‌ಪಿ ಕಾಲದ ಈ ಫಾಂಟ್ ಈಗ ತಾನಾಗಿ ಬರುವುದಿಲ್ಲ, ಸೆಟ್ಟಿಂಗ್ಸಿನ ಐಚ್ಛಿಕ ಸೌಲಭ್ಯಗಳಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಎಂದು ಹುಡುಕಿ ಹಾಕಬೇಕು.

ಒತ್ತಕ್ಷರ ಒಡೆದು 'ರಾಷ್ಟ್ರ' ಎಂಬುದು ಬಿಡಿಬಿಡಿಯಾಗಿ ಹಲಂತದೊಂದಿಗೆ ಕಾಣುತ್ತಿದ್ದರೆ ಆ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಜೋಡಿಸಲು ಬರುವುದಿಲ್ಲ. ಮುದ್ರಣಾಲಯಗಳ ಪೇಜ್‌ಮೇಕರ್ ಈ ಗುಂಪಿನದು. ಅದನ್ನು ಬದಲಾಯಿಸುವ ತನಕ ಹಳೆಯ ಫಾಂಟ್ ಕ್ರಮದಲ್ಲೇ ಇರಿ.

ಓದಲು ಬರುತ್ತದೆ, ಟೈಪ್ ಮಾಡಿದರೆ ತಪ್ಪು ಅಕ್ಷರ ಬೀಳುತ್ತದೆ ಎಂದಾದರೆ ಎರಡು ಕೀಲಿಮಣೆಗಳು ಒಟ್ಟಿಗೆ ಕೆಲಸ ಮಾಡುತ್ತಿವೆ. 2019ರಿಂದ ವಿಂಡೋಸಿನಲ್ಲೇ ಕನ್ನಡದ ಫೊನೆಟಿಕ್ ಕೀಲಿಮಣೆ ಇದೆ, ಅದಕ್ಕಿಂತ ಹಳೆಯ ಇನ್‌ಸ್ಕ್ರಿಪ್ಟೂ ಇದೆ. ಅದರ ಮೇಲೆ ನುಡಿಯನ್ನೂ ಚಾಲೂ ಮಾಡಿದರೆ, ನುಡಿ ಕೆ. ಪಿ. ರಾವ್ ಅವರ ವಿನ್ಯಾಸದ ಪ್ರಕಾರ ಕೊಟ್ಟದ್ದನ್ನು ವಿಂಡೋಸ್ ಇನ್ನೊಮ್ಮೆ ಕಲಸುತ್ತದೆ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ತನ್ನಿ, ನುಡಿಯನ್ನು ಒಂದೇ ಬಿಡಿ.

ಎಲ್ಲ ಕಡೆ ಕನ್ನಡ ಬರುತ್ತದೆ, ಒಂದೇ ಒಂದು ತಂತ್ರಾಂಶದಲ್ಲಿ ಇಂಗ್ಲಿಷೇ ಬೀಳುತ್ತದೆ ಎಂದರೆ ಮತ್ತೆ ಆ ಟಿಕ್ ಹುಡುಕಿ. ಅಡ್ಮಿನಿಸ್ಟ್ರೇಟರ್ ಆಗಿ ಓಡುವ ಕಿಟಕಿಯೊಳಗೆ ಸಾಮಾನ್ಯ ದರ್ಜೆಯ ಕಾರ್ಯಕ್ರಮ ಅಕ್ಷರ ತುರುಕದಂತೆ ವಿಂಡೋಸ್ ತಡೆಯುತ್ತದೆ. ಕೀಲಿಮಣೆ ಕದ್ದು ಕೇಳುವ ಕುತಂತ್ರಾಂಶಗಳಿಂದ ಕಾಪಾಡಲು ಇರುವ ಗೋಡೆ ಅದು, ನುಡಿಯೂ ಆಚೆಯೇ ನಿಲ್ಲುತ್ತದೆ. ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಮಾಡಿ ಎಂದು ಕೆಲವರು ಹೇಳುತ್ತಾರೆ. ಕೆಲಸ ಆಗುತ್ತದೆ, ಆದರೆ ಮೊದಲ ತಪ್ಪಿಗೆ ಎರಡನೆಯದನ್ನು ಜೋಡಿಸಿದಂತೆ. ಮೊದಲಿನದರ ಟಿಕ್ ತೆಗೆಯಿರಿ.

ಈ ಗಡಿಬಿಡಿಯಲ್ಲೇ "ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿಬಿಡೋಣ" ಎಂಬ ಉತ್ಸಾಹ ಬರುವುದುಂಟು. ಒಳ್ಳೆಯ ವಿಚಾರ, ತಪ್ಪು ದಿನ. ಪರಿವರ್ತಕಕ್ಕೆ ನಡುವೆ ಬಂದ ಇಂಗ್ಲಿಷ್ ಪದಗಳೂ ಕನ್ನಡವೆಂದೇ ಕಾಣುತ್ತವೆ, ಸದಸ್ಯರ ಪ್ಯಾನ್ ಸಂಖ್ಯೆ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ರಕಾರ ಮೊದಲು. ಆದ್ದರಿಂದ ಪರಿವರ್ತನೆಯಾದ ಕಡತದಲ್ಲಿ 'ಕರ್ನಾಟಕ' ಎಂಬ ಪದ ಹುಡುಕಿ ನೋಡಿ. ಅದು ನೆಟ್ಟಗಿದ್ದರೆ ಮುಂದುವರಿಯಿರಿ. ನಕಲಿನ ಮೇಲೆ ಮಾತ್ರ. ಲೆಕ್ಕದ ದತ್ತಸಂಚಯವನ್ನು ತಯಾರಕರಿಲ್ಲದೆ ಮುಟ್ಟಬೇಡಿ.

ಲಕ್ಷಣ: ಮುದ್ರಣ ಬರುತ್ತಿಲ್ಲ, ಅಥವಾ ಬೇರೆಲ್ಲೋ ಬರುತ್ತಿದೆ

ರಸೀದಿ ಡಾಟ್ ಮ್ಯಾಟ್ರಿಕ್ಸಿನ ಬದಲು ವ್ಯವಸ್ಥಾಪಕರ ಕೋಣೆಯ ಲೇಸರ್ ಪ್ರಿಂಟರಿನಲ್ಲಿ ಬಂದರೆ ಸೆಟ್ಟಿಂಗ್ಸಿನಲ್ಲಿ 'ಡೀಫಾಲ್ಟ್ ಪ್ರಿಂಟರನ್ನು ವಿಂಡೋಸ್ ನೋಡಿಕೊಳ್ಳಲಿ' ಎಂಬುದನ್ನು ಬಂದ್ ಮಾಡಿ. ಅದು ಚಾಲೂ ಇದ್ದಾಗ ಕೊನೆಗೆ ಬಳಸಿದ ಪ್ರಿಂಟರೇ ಮುಂದಿನ ಸಲದ ಡೀಫಾಲ್ಟ್.

ಡ್ರೈವರ್ ಸಿಗದ ಹಳೆಯ ಡಾಟ್ ಮ್ಯಾಟ್ರಿಕ್ಸಿಗೆ ವಿಂಡೋಸಿನ 'ಜನೆರಿಕ್, ಟೆಕ್ಸ್ಟ್ ಓನ್ಲಿ' ಡ್ರೈವರ್ ಹಾಕಿ ನೋಡಿ. ಇಂಗ್ಲಿಷ್ ರಸೀದಿಗೆ ಸಾಕು, ಕನ್ನಡ ಬರುವುದಿಲ್ಲ. ಅಂಥ ಬಹಳಷ್ಟು ಪ್ರಿಂಟರುಗಳು ಎಪ್ಸನ್ ಭಾಷೆ ಬಲ್ಲವು, ಹಾಗಾಗಿ ಹತ್ತಿರದ ಎಪ್ಸನ್ ಮಾದರಿಯ 64 ಬಿಟ್ ಡ್ರೈವರೂ ಕೆಲಸಕ್ಕೆ ಬರಬಹುದು.

ಪಕ್ಕದ ಯಂತ್ರಕ್ಕೆ ಕಟ್ಟಿ ಹಂಚಿಕೊಂಡ ಪ್ರಿಂಟರ್ 11ಬಿ ಎಂದು ಮುಗಿಯುವ ದೋಷ ತೋರಿಸಿದರೆ, 2021ರ ಸೆಪ್ಟೆಂಬರಿನ ಭದ್ರತಾ ತಿದ್ದುಪಡಿ ಒಂದು ಯಂತ್ರದಲ್ಲಿದೆ, ಇನ್ನೊಂದರಲ್ಲಿಲ್ಲ ಎಂದು ಮೊದಲು ಅನುಮಾನಿಸಿ. ಎರಡನ್ನೂ ಪೂರ್ತಿ ಅಪ್‌ಡೇಟ್ ಮಾಡಿ. ರಿಜಿಸ್ಟ್ರಿಯಲ್ಲಿ ಒಂದು ಅಂಕಿ ಬದಲಾಯಿಸಿದರೆ ಸರಿಹೋಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಆ ತಿದ್ದುಪಡಿಯನ್ನೇ ರದ್ದು ಮಾಡುವ ಅಂಕಿ. ಪ್ರಿಂಟರಿಗೆ ಜಾಲದ ಕಿಂಡಿ ಇದ್ದರೆ ಕೇಬಲ್ ಎಳೆದು ನೇರವಾಗಿ ಜಾಲಕ್ಕೆ ಕಟ್ಟಿ, ತಕರಾರು ತೀರುತ್ತದೆ.

ಲಕ್ಷಣ: ಹಂಚಿಕೆ ಫೋಲ್ಡರ್ ಅಥವಾ ಝೆಡ್ ಡ್ರೈವ್ ಕಾಣೆ

ಎಕ್ಸ್‌ಪ್ಲೋರರಿನಲ್ಲಿ ಝೆಡ್ ಡ್ರೈವ್ (ಇನ್ನೊಂದು ಯಂತ್ರದ ಹಂಚಿಕೆ ಫೋಲ್ಡರಿಗೆ ಇಲ್ಲಿ ಕೊಟ್ಟ ಅಕ್ಷರ) ಕಾಣುತ್ತದೆ, ತಂತ್ರಾಂಶದೊಳಗೆ ಮಾತ್ರ 'ಪಥ ಸಿಗುತ್ತಿಲ್ಲ' ಎನ್ನುತ್ತದೆಯೇ? ಗುರಾಣಿಯ ಗುರುತು ನೋಡಿ. ಸಾಮಾನ್ಯ ಬಳಕೆದಾರರಾಗಿ ಜೋಡಿಸಿದ ಡ್ರೈವ್ ಅಕ್ಷರ ಅಡ್ಮಿನಿಸ್ಟ್ರೇಟರ್ ಆಗಿ ಓಡುವ ತಂತ್ರಾಂಶಕ್ಕೆ ಕಾಣುವುದಿಲ್ಲ. ಅದೇ ಟಿಕ್, ಮೂರನೆಯ ವೇಷ.

ಎಕ್ಸ್‌ಪ್ಲೋರರಿನಲ್ಲೂ ತೆರೆಯದೆ, 'ಸಂಸ್ಥೆಯ ಭದ್ರತಾ ನೀತಿ ಅತಿಥಿ ಪ್ರವೇಶವನ್ನು ತಡೆದಿದೆ' ಎಂಬ ಸಂದೇಶ ಬಂದರೆ ಕಾರಣ ಬೇರೆ. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಯಿಂದ ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶ ಬಂದ್, ಜಾಲದ ಸಂವಾದಕ್ಕೆ ಸಹಿಯೂ ಕಡ್ಡಾಯ. ನಿಮ್ಮ ಕಚೇರಿಯಲ್ಲಿ ಅಂಥ ನೀತಿಯನ್ನು ಯಾರೂ ಮಾಡಿಲ್ಲದಿರಬಹುದು, ಸಂದೇಶದ ಧಾಟಿ ಹಾಗೆ. ಕಡತಗಳಿರುವ ಯಂತ್ರದಲ್ಲಿ ಪಾಸ್‌ವರ್ಡ್ ಸಹಿತ ಒಂದು ಬಳಕೆದಾರ ಖಾತೆ ತೆರೆದು, ಇತರ ಯಂತ್ರಗಳ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಅದನ್ನು ಉಳಿಸಿ. ಹಳೆಯ ಸ್ಕ್ಯಾನರ್ ಅಥವಾ ಜಾಲ ಡಿಸ್ಕಿಗಾಗಿ ಫೋಲ್ಡರ್ ಹಂಚುವ ಹಳೆಯ ವಿಧಾನವಾದ ಎಸ್‌ಎಂಬಿ 1 ಅನ್ನು ಮತ್ತೆ ಚಾಲೂ ಮಾಡಬೇಡಿ. 2017ರ ವನ್ನಾಕ್ರೈ ಎಂಬ ಸುಲಿಗೆ ಕುತಂತ್ರಾಂಶ ಹರಡಿದ್ದು ಅದೇ ಬಾಗಿಲಿನಿಂದ. ಸ್ಕ್ಯಾನ್ ಆದದ್ದು ಇಮೇಲಿಗೆ ಹೋಗಲಿ, ಇಲ್ಲವೇ ಪೆನ್‌ಡ್ರೈವಿಗೆ.

ಲಕ್ಷಣ: ದಿನಾಂಕ ಅಡ್ಡಾದಿಡ್ಡಿ

ತಿಂಗಳ 12ನೇ ತಾರೀಖಿನವರೆಗೆ ಎಲ್ಲ ಸರಿ, 13ರ ಬೆಳಿಗ್ಗೆ 'ತಪ್ಪು ದಿನಾಂಕ' ಎನ್ನುತ್ತದೆ. ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದೆ, ಇಂಗ್ಲಿಷ್ (ಇಂಡಿಯಾ) ಮಾಡಿ. ರಿಪೇರಿ ಅರ್ಧ ನಿಮಿಷದ್ದು, ಆದರೆ ಗಾಯ ಅಲ್ಲಿಲ್ಲ. ಆ ಹನ್ನೆರಡು ದಿನಗಳಲ್ಲಿ ಮಾಡಿದ ನಮೂದುಗಳಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿ ಕೂತಿರಬಹುದು, ಬಡ್ಡಿಯೂ ಹಾಗೆಯೇ ಲೆಕ್ಕವಾಗಿರಬಹುದು. ಅಪ್‌ಗ್ರೇಡ್ ಆದ ದಿನದಿಂದಾಚೆಗಿನ ಎಲ್ಲ ನಮೂದುಗಳನ್ನು ಕಾಗದದ ರಸೀದಿಯೊಂದಿಗೆ ತಾಳೆ ನೋಡಿ.

ಲಕ್ಷಣ: ಜಾಲತಾಣ ತೆರೆಯದು, ಡಿಜಿಟಲ್ ಸಹಿ ಸಿಗದು

'ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಕು' ಎನ್ನುವ ತಾಣಗಳಿಗೆ ಎಡ್ಜ್ ಬ್ರೌಸರಿನ ಐಇ ಮೋಡ್ ಇದೆ, ಕಡೇಪಕ್ಷ 2029ರವರೆಗೆ ಉಳಿಸುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿದೆ. "ಸರಿಹೋಗಿತ್ತು, ತಿಂಗಳಾದ ಮೇಲೆ ಮತ್ತೆ ಕೆಟ್ಟಿತು" ಎಂದರೆ ಬೆಚ್ಚಬೇಡಿ. ಕೈಯಾರೆ ಸೇರಿಸಿದ ಪುಟ 30 ದಿನಕ್ಕೆ ಪಟ್ಟಿಯಿಂದ ಬಿದ್ದುಹೋಗುತ್ತದೆ. ಹತ್ತಾರು ಯಂತ್ರಗಳಿಗೆ ಗ್ರೂಪ್ ಪಾಲಿಸಿಯಿಂದ ಶಾಶ್ವತ ಪಟ್ಟಿ ಕೊಡಬಹುದು.

ಡಿಜಿಟಲ್ ಸಹಿ ಇರುವ ಡಿಎಸ್‌ಸಿ ಟೋಕನ್ ಸಿಕ್ಕಿಸಿದರೂ ಪ್ರಮಾಣಪತ್ರ ಕಾಣದಿದ್ದರೆ ಬೇರೆ ಯುಎಸ್‌ಬಿ ಕಿಂಡಿ, ಆಮೇಲೆ ಟೋಕನ್ ತಯಾರಕರ ಹೊಸ ಡ್ರೈವರ್, ಆಮೇಲೆ ಸಹಿ ಹಾಕುವ ಸಣ್ಣ ಕಾರ್ಯಕ್ರಮ ಹಿನ್ನೆಲೆಯಲ್ಲಿ ಓಡುತ್ತಿದೆಯೇ ಎಂಬುದು, ಈ ಕ್ರಮದಲ್ಲಿ ನೋಡಿ. ಪಿನ್ ಊಹಿಸುತ್ತ ಕೂರಬೇಡಿ, ಹಲವು ಸಲ ತಪ್ಪಾದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ. ಅದರ ತಂತ್ರಾಂಶದಲ್ಲಿ 'ಇನಿಶಿಯಲೈಸ್' ಎಂಬ ಗುಂಡಿ ಕಂಡರೆ ಕೈ ಹಿಂದೆ ಕಟ್ಟಿಕೊಳ್ಳಿ. ಒತ್ತಿದರೆ ಪ್ರಮಾಣಪತ್ರ ಅಳಿದುಹೋಗುತ್ತದೆ, ಹೊಸದನ್ನು ಕೊಳ್ಳಬೇಕು. ಟೆಂಡರಿನ ಕೊನೆಯ ದಿನ ಹೊಸದು ಕೈಗೆ ಸಿಗುವುದು ಕಷ್ಟ.

ಲಕ್ಷಣ: ನೀಲಿ ಪರದೆ, ಅಥವಾ 'ಈ ಡ್ರೈವರ್ ಲೋಡ್ ಆಗದು' ಎಂಬ ಸಂದೇಶ

ಸಂದೇಶದಲ್ಲಿ ಕಡತದ ಹೆಸರಿರುತ್ತದೆ. ಅದು ಯಾವ ಸಾಧನದ್ದು ಎಂದು ಹುಡುಕಿ, ಹೊಸ ಡ್ರೈವರ್ ಹಾಕಿ. ಸಿಗದಿದ್ದರೆ ಆ ಸಾಧನವನ್ನೇ ಕೈಬಿಡುವ ಮಾತಾಡಿ. 'ಮೆಮೊರಿ ಇಂಟೆಗ್ರಿಟಿ' ಎಂಬ ಭದ್ರತಾ ಸೌಲಭ್ಯವನ್ನು ಬಂದ್ ಮಾಡಿದರೆ ಹಳೆಯ ಡ್ರೈವರ್ ಓಡಬಹುದು, ಆದರೆ ಬೆರಳ ಗುರುತು ಓದುವ ಒಂದು ಸಾಧನಕ್ಕಾಗಿ ಇಡೀ ಕಂಪ್ಯೂಟರಿನ ಬಾಗಿಲು ತೆರೆದಿಟ್ಟಂತೆ. ನೀಲಿ ಪರದೆ ಎರಡನೇ ಸಲ ಬಂದರೆ ಆ ಯಂತ್ರದಲ್ಲಿ ಲೆಕ್ಕದ ಕೆಲಸ ನಿಲ್ಲಿಸಿ. ಬರೆಯುತ್ತಿರುವಾಗ ಯಂತ್ರ ಬಿದ್ದರೆ ಕೆಡುವುದು ದತ್ತಾಂಶ.

ಎಲ್ಲಿ ಕೈಬಿಡಬೇಕು

ದತ್ತಾಂಶ ಎರಡು ಕಡೆ ಬೇರೆ ಬೇರೆಯಾಗಿ ಕಂಡಾಗ, ಬಿಟ್‌ಲಾಕರ್ ಕೀಲಿ ಕೇಳಿ ಅದು ಸಿಗದಿದ್ದಾಗ, ಒಂದೇ ದೋಷಕ್ಕೆ ಅರ್ಧ ದಿನ ಹೋದಾಗ ನಿಲ್ಲಿಸಿ. ಗಡುವಿನ ಒಳಗಿದ್ದರೆ 'ಗೋ ಬ್ಯಾಕ್' ಮಾಡುವುದರಲ್ಲಿ ನಾಚಿಕೆಯಿಲ್ಲ. ಅದಕ್ಕೂ ಮೊದಲು ಇಂದಿನವರೆಗಿನ ದತ್ತಾಂಶದ ನಕಲು ತೆಗೆಯಿರಿ. ಅಪ್‌ಗ್ರೇಡ್ ಆದ ಮೇಲೆ ಹಾಕಿದ ತಂತ್ರಾಂಶ, ಡ್ರೈವರುಗಳು ಹಿಂದಿರುಗುವಾಗ ಹೋಗುತ್ತವೆ.

ತಯಾರಕರಿಗೆ ಫೋನ್ ಮಾಡುವಾಗ "ಓಡುತ್ತಿಲ್ಲ" ಎನ್ನಬೇಡಿ. ಸಂದೇಶದ ಫೋಟೊ, ತಂತ್ರಾಂಶದ ಆವೃತ್ತಿ, ವಿಂಡೋಸ್ 11ರ ಯಾವ ಆವೃತ್ತಿ, ಬೇರೆ ಬಳಕೆದಾರರಿಗೂ ಹೀಗೆಯೇ ಆಗುತ್ತದೆಯೇ, ಟಿಕ್ ತೆಗೆದಾಗ ಏನಾಗುತ್ತದೆ, ಇಷ್ಟು ಕೊಡಿ. ಆ ಕಡೆಯಿಂದ "ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ನೋಡಿ" ಎಂಬ ಉತ್ತರ ಬಂದರೆ, ಸಾಮಾನ್ಯ ಬಳಕೆದಾರರ ಖಾತೆಯಲ್ಲಿ ಓಡುವ ಆವೃತ್ತಿ ಇದೆಯೇ, ಯಾವಾಗ ಬರುತ್ತದೆ ಎಂದು ಇಮೇಲಿನಲ್ಲಿ ಕೇಳಿ, ಉತ್ತರವನ್ನು ವಾರ್ಷಿಕ ನಿರ್ವಹಣಾ ಒಪ್ಪಂದದ ಕಡತದಲ್ಲಿಡಿ.

ಉಳಿದ ಯಂತ್ರಗಳಿಗೆ ಹೋಗುವ ಮುನ್ನ ಮೊದಲನೆಯದು ಒಂದು ತಿಂಗಳಾದರೂ ಓಡಲಿ, 13ನೇ ತಾರೀಖೂ ತಿಂಗಳ ಕೊನೆಯ ಬಡ್ಡಿ ಲೆಕ್ಕವೂ ಅದರಲ್ಲಿ ದಾಟಲಿ. ಮೊದಲಿಗೆ ಆರಿಸುವುದು ಅಧ್ಯಕ್ಷರ ಹೊಸ ಲ್ಯಾಪ್‌ಟಾಪ್ ಆಗಿರಬಾರದು. ಅದರಲ್ಲಿ ಇಮೇಲ್ ಬಿಟ್ಟರೆ ಏನೂ ಓಡುವುದಿಲ್ಲ, ಹಾಗಾಗಿ ಏನೂ ಕೆಡುವುದೂ ಇಲ್ಲ. ನಗದು ಕೌಂಟರಿನಲ್ಲಿ ಡಾಟ್ ಮ್ಯಾಟ್ರಿಕ್ಸ್, ನುಡಿ, ಝೆಡ್ ಡ್ರೈವ್ ಮೂರೂ ಸೇರಿ ನಡೆಯುವ ಯಂತ್ರವನ್ನು ಆಯ್ದುಕೊಳ್ಳಿ, ಪಕ್ಕದಲ್ಲಿ ಹಳೆಯದೊಂದನ್ನು ಹಾಗೆಯೇ ಹಚ್ಚಿಡಿ.